ಮಗ್ಗುಲು ಬದಲಿಸುವ ಕಾಯಕ

(ಹಾವೇರಿಯ ಮಾಸಿಕ ಶರಣ ಚಿಂತನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಕಾಯಕ ಮತ್ತು ದಾಸೋಹ. ಇದರ ಮೇಲೆ ಇದೇ ಸ್ಥಳದಲ್ಲಿ ನನಗಿಂತ ಬಲ್ಲವರು ಎಷ್ಟೋ ಸಲ ಮಾತಾಡಿದ್ದಾರೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಅಡ್ಡಮೋರಿ ಅಂತ ಓಡಾಡಿದವನು. ತತ್ವ ಹೇಳಲು ಹೋದರೆ ಎಡವುತ್ತೇನೆ. ಆದ್ದರಿಂದ ಒಂದೇ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಕೆಲಸ. ಅದನ್ನು ಮಾಡುವವರನ್ನು ನಾವು ನರ್ಸ್ ಅನ್ನುತ್ತೇವೆ, ದಾದಿ ಅನ್ನುತ್ತೇವೆ. ಎದುರಿಗೆ ಸಿಕ್ಕಾಗ ಸಿಸ್ಟರ್ ಅನ್ನುತ್ತೇವೆ, ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಮರೆಯುತ್ತೇವೆ.

2009ರಲ್ಲಿ ನಮ್ಮವ್ವ ರಾಣೇಬೆನ್ನೂರಿನ ಮನೆಯ ಹಿತ್ತಲಲ್ಲಿ ಜಾರಿ ಬಿದ್ದಳು. ಸೊಂಟದ ಕೀಲಿನ ಹತ್ತಿರ ಎಲುಬು ಮುರಿಯಿತು. ವಯಸ್ಸು ಎಂಬತ್ತರ ಹತ್ತಿರ, ಎದೆ ದುರ್ಬಲ. ಆಪರೇಶನ್ ಬೇಡ ಅಂದರು ಡಾಕ್ಟರು. ಒಂದು ವಾರ ಖಾಸಗಿ ಆಸ್ಪತ್ರೆಯಲ್ಲಿಟ್ಟು ಮನೆಗೆ ಕರೆದುಕೊಂಡು ಬಂದೆವು. ಬಿಡುಗಡೆಯ ದಿನ ವಾರ್ಡಿನ ನರ್ಸಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಎರಡು ತಾಸಿಗೊಮ್ಮೆ ಹೊಳ್ಳಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗಬಾರದು, ಬಟ್ಟೆ ಒದ್ದೆ ಇರಬಾರದು, ಹಿಡಿದು ಎಳೀಬಾರದು, ಎತ್ತಬೇಕು. ಆ ಚೀಟಿಯನ್ನು ನಾನು ಔಷಧದ ಬಿಲ್ಲುಗಳ ಜೊತೆ ಮಡಚಿ ಪ್ಯಾಂಟಿನ ಕಿಸೆಯಲ್ಲಿಟ್ಟೆ. ಆಗ ನನಗೆ ತುಂಗಾ ಮೇಲ್ದಂಡೆ ಕಾಲುವೆಯ ಕೆಲಸ. ಹಗಲು ಮನೆಯಲ್ಲಿರುತ್ತಿರಲಿಲ್ಲ. ಮನೆಯವರು ತಮಗೆ ತಿಳಿದಂತೆ ನೋಡಿಕೊಂಡರು.

ಮೂರನೇ ವಾರಕ್ಕೆ ಕೋಣೆಯಲ್ಲಿ ವಾಸನೆ ಶುರುವಾಯಿತು. ಬೆನ್ನಿನ ಕೆಳಗೆ, ತ್ರಿಕಾಸ್ಥಿಯ ಮೇಲೆ, ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಾಗಿತ್ತು. ಅಷ್ಟೇ ಅಂದುಕೊಂಡೆವು. ನೋಡ್ರಿ, ಕಾಲುವೆಯ ಏರಿಯ ಮೇಲೆ ಸಣ್ಣ ತೇವ ಕಂಡರೆ ಒಳಗೆ ಎಷ್ಟು ದೊಡ್ಡ ಪೊಳ್ಳು ಆಗಿರುತ್ತದೆ ಅಂತ ನನಗೆ ಗೊತ್ತಿತ್ತು. ನಮ್ಮವ್ವನ ಬೆನ್ನಿಗೂ ಅದೇ ನಿಯಮ ಅಂತ ಹೊಳೆಯಲಿಲ್ಲ.

ಆ ನರ್ಸಮ್ಮನಿಗೆ ಫೋನು ಮಾಡಿದೆ. ಆಕೆ ಬ್ಯಾಡಗಿ ಕಡೆಯವಳು, ದಿನಾ ಬಸ್ಸಿನಲ್ಲಿ ಮೋಟೆಬೆನ್ನೂರು ದಾಟಿ ರಾಣೇಬೆನ್ನೂರಿಗೆ ಬರುತ್ತಿದ್ದಳು. ಹೆಸರು ಹೇಳುವುದಿಲ್ಲ, ಆಕೆಯ ಅನುಮತಿ ನನ್ನ ಹತ್ತಿರ ಇಲ್ಲ. ರಾತ್ರಿ ಪಾಳಿ ಮುಗಿಸಿಕೊಂಡು ಮುಂಜಾನೆ ಎಂಟೂವರೆಗೆ ನೇರ ನಮ್ಮ ಮನೆಗೆ ಬಂದಳು. ಹುಣ್ಣು ನೋಡಿದಳು, ತೊಳೆದಳು, ಏನೂ ಬೈಯಲಿಲ್ಲ. ಕೈ ತೊಳೆದುಕೊಳ್ಳುತ್ತ ಒಂದು ಪ್ರಶ್ನೆ ಕೇಳಿದಳು.

“ನಿನ್ನೆ ರಾತ್ರಿ ಎರಡು ಗಂಟೆಗೆ ಅಮ್ಮನ್ನ ಯಾರು ಹೊಳ್ಳಿಸಿದ್ರಿ?”

ನಾನು ಹೆಂಡತಿಯ ಮುಖ ನೋಡಿದೆ. ಹೆಂಡತಿ ತಮ್ಮನ ಮುಖ ನೋಡಿದಳು. ಮಾತಿಲ್ಲ. ಆಕೆ ಮತ್ತೆ ಕೇಳಲಿಲ್ಲ. ನಮ್ಮ ಮಗನ ನೋಟುಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು ಗೆರೆ ಹಾಕಿದಳು. ಎಡ, ಬಲ, ಬೆನ್ನು. ಆರು, ಎಂಟು, ಹತ್ತು, ಹನ್ನೆರಡು. ಕೊನೆಯ ಸಾಲಿನಲ್ಲಿ ಸಹಿ. “ಯಾರು ಹೊಳ್ಳಿಸ್ತೀರಿ ಅವರು ಸಹಿ ಮಾಡ್ರಿ” ಅಂದಳು. ಸರ್ಕಾರಿ ನೌಕರನಿಗೆ ಸಹಿಯ ಭಾಷೆ ಬೇಗ ಅರ್ಥವಾಗುತ್ತದೆ ಅಂತ ಆಕೆಗೆ ಗೊತ್ತಿತ್ತೋ ಏನೋ.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳಲ್ಲಿ ರಕ್ತದ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸ ಅಂತ ವೈದ್ಯ ಪುಸ್ತಕಗಳು ಹೇಳುತ್ತವೆ. ಅದನ್ನು ನಮ್ಮ ಲೆಕ್ಕಕ್ಕೆ ತಂದರೆ ಚದರ ಸೆಂಟಿಮೀಟರಿಗೆ ಬರೀ 43 ಗ್ರಾಂ. ಹೊರಗಿನ ಭಾರ ಅದನ್ನು ಮೀರಿದರೆ ನಾಳ ಒತ್ತಿ ಮುಚ್ಚಿಕೊಳ್ಳುತ್ತದೆ, ಆ ಜಾಗಕ್ಕೆ ರಕ್ತ ಇಲ್ಲ. ನಮ್ಮ ಈ ಭಾಗದ ಎರೆಮಣ್ಣಿನ ಮೇಲೆ ಕಟ್ಟಡ ಕಟ್ಟುವಾಗ ನಾವು ಹಿಡಿಯುತ್ತಿದ್ದ ಸುರಕ್ಷಿತ ಭಾರ ಚದರ ಮೀಟರಿಗೆ 5 ಟನ್. ಅಂದರೆ ಚದರ ಸೆಂಟಿಮೀಟರಿಗೆ 500 ಗ್ರಾಂ. ಎರೆಮಣ್ಣು ಅಂದರೆ ಮೂಗು ಮುರಿಯುತ್ತಿದ್ದೆವು, ಮನುಷ್ಯನ ಚರ್ಮ ಅದರ ಹನ್ನೊಂದನೇ ಒಂದು ಪಾಲೂ ತಾಳುವುದಿಲ್ಲ. ಆರೋಗ್ಯವಂತರು ನಿದ್ದೆಯಲ್ಲೂ ಹೊರಳಾಡುತ್ತೇವೆ, ಅದಕ್ಕೇ ಬದುಕಿದ್ದೇವೆ. ಹೊರಳಲು ಆಗದವರಿಗೆ ಎಲುಬು ಉಬ್ಬಿದ ಜಾಗಗಳಲ್ಲಿ, ಅಂದರೆ ಬೆನ್ನಿನ ಬುಡ, ಸೊಂಟದ ಬದಿ, ಹಿಮ್ಮಡಿ, ಭುಜದ ಹಲಗೆ, ಇಲ್ಲೆಲ್ಲ ಭಾರ ಒಂದೇ ಕಡೆ ಕೂತುಬಿಡುತ್ತದೆ. ಕೆಲವೇ ತಾಸುಗಳಲ್ಲಿ ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ. ಮೇಲಿನ ಚರ್ಮ ಕಪ್ಪಾಗುವುದು ಆಮೇಲೆ.

ಆಕೆ ನಮಗೆ ಕಲಿಸಿದ ಕೆಲವು ಮಾತು ಇಲ್ಲಿ ಹೇಳಿಬಿಡುತ್ತೇನೆ, ಯಾರದಾದರೂ ಮನೆಗೆ ಬೇಕಾಗಬಹುದು. ಮಗ್ಗುಲಿಗೆ ಮಲಗಿಸುವಾಗ ಪೂರ್ತಿ ಅಡ್ಡ ಮಲಗಿಸಬಾರದು, ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಒಂದು ದಿಂಬು ಇಟ್ಟರೆ ಹಿಮ್ಮಡಿ ಗಾಳಿಯಲ್ಲಿರುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ ಅಂತ ಲೆಕ್ಕ. ಬೆಳ್ಳಗಾಗದೆ ಹಾಗೇ ಕೆಂಪಿದ್ದರೆ ಕೆಡುಕು ಶುರುವಾಗಿದೆ. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು. ನಾವು ಭಕ್ತಿಯಿಂದ ಅದನ್ನೇ ಮಾಡಿದ್ದೆವು, ದಿನಾ ಎರಡು ಸಲ. ನಡುವೆ ತೂತಿರುವ ರಬ್ಬರಿನ ರಿಂಗು ತಂದಿದ್ದೆವು, ಅದನ್ನೂ ತೆಗೆಸಿದಳು. ಸುತ್ತಲಿನ ಅಂಚು ಒತ್ತಿ ನಡುವಿನ ಜಾಗಕ್ಕೆ ರಕ್ತ ಬರದಂತೆ ಮಾಡುತ್ತದೆ ಅಂದಳು. ಅಡಿಪಾಯದ ಲೆಕ್ಕ ಕಲಿತವನು ನಾನು, ಅಂಗಡಿಯವನ ಮಾತು ನಂಬಿದವನೂ ನಾನೇ.

ನಾಲ್ಕು ತಿಂಗಳು ಆಕೆ ಬಂದಳು. ವಾರಕ್ಕೆ ಎರಡು ಸಲ, ಕೆಲವು ವಾರ ಮೂರು ಸಲ. ಪಾಳಿ ಮುಗಿದ ಮೇಲೆ, ಬಸ್ಸಿಗೆ ಮೊದಲು. ಯಾವ ಡಾಕ್ಟರೂ ಕಳಿಸಿರಲಿಲ್ಲ, ಯಾವ ರಜಿಸ್ಟರಿನಲ್ಲೂ ಅದು ಬರಲಿಲ್ಲ. ನಮ್ಮ ಇಲಾಖೆಯಲ್ಲಿ ಅಂದಾಜು ಪಟ್ಟಿಯಲ್ಲಿ ಇಲ್ಲದ ಕೆಲಸ ಮಾಡಿದರೆ ಅದಕ್ಕೆ ಹೆಚ್ಚುವರಿ ಐಟಂ ಅನ್ನುತ್ತೇವೆ. ಗುತ್ತಿಗೆದಾರರು ಅದಕ್ಕೆ ಎಷ್ಟು ಬಿಲ್ಲು ಮಾಡುತ್ತಾರೆ ಅಂತ ಇಲ್ಲಿ ಕೂತಿರುವ ಕೆಲವರಿಗೆ ಚೆನ್ನಾಗಿ ಗೊತ್ತು. ನಗಬೇಡಿ.

ಮೊದಲ ಸಲ ಆಕೆ ಅವ್ವನನ್ನು ಹೊಳ್ಳಿಸುವಾಗ ಅವ್ವನ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಕಂಡಿತು. ಮಗ್ಗುಲಾದಾಗ ಅದು ಪಕ್ಕಡಿಗೆ ಒತ್ತಿ ಗುರುತು ಬಿದ್ದಿತ್ತು. ಅದು ಕೂಡ ಭಾರವೇ. ಆಕೆ ಅದನ್ನು ಮುಟ್ಟಲಿಲ್ಲ. “ಅಮ್ಮಾರ, ಇದನ್ನ ಎಲ್ಲಿ ಇಡಬೇಕ್ರಿ?” ಅಂತ ಕೇಳಿದಳು. ಅವ್ವ ತನ್ನ ಎಡಗೈ ಬಿಚ್ಚಿದಳು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಕರಡಿಗೆಯನ್ನು ಅವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅಂದಿನಿಂದ ಪ್ರತಿ ಸಲವೂ ಹಾಗೇ. ನಾವು ಮೂರು ವಾರ ಅದನ್ನು ಗಮನಿಸಿರಲೇ ಇಲ್ಲ.

ಅವ್ವ ಎರಡನೇ ದಿನವೇ ಕೇಳಿಬಿಟ್ಟಳು, “ನೀ ಯಾರ ಪೈಕಿ ಅವ್ವಾ?”

ಆಕೆ ನಕ್ಕು ಹೇಳಿದಳು, “ಆಸ್ಪತ್ರಿ ಪೈಕಿ ರೀ.”

ಅವ್ವ ಮತ್ತೆ ಕೇಳಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಒಂದು ಹಳೆಯ ಮಾತು ಹೇಳಬೇಕು, ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. 1994ರಲ್ಲಿ ನನ್ನ ತಮ್ಮನಿಗೆ ಕನ್ಯೆ ನೋಡುತ್ತಿದ್ದೆವು. ನಮ್ಮವರದೇ ಮನೆತನ, ಹುಡುಗಿ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ತಮ್ಮನಿಗೆ ಒಪ್ಪಿಗೆ ಇತ್ತು. ಅವ್ವ ಅಂದಳು, ಕಂಡವರ ಮೈ ತೊಳೆಯುವ ಕೈ ನಮ್ಮ ಅಡುಗೆ ಮನೆಗೆ ಬ್ಯಾಡ. ರಾತ್ರಿ ಡ್ಯೂಟಿ ಅಂತ ಇನ್ನೊಬ್ಬರು ದನಿಗೂಡಿಸಿದರು. ಹಿಂದಿನ ತಿಂಗಳಷ್ಟೇ ಬಸವ ಜಯಂತಿಯಲ್ಲಿ ಪಂಚಸೂತಕಗಳ ಬಗ್ಗೆ ಅರ್ಧ ತಾಸು ಭಾಷಣ ಮಾಡಿದ್ದ ನಾನು ಅಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಚಹಾ ಕುಡಿದೆ. ಏನೂ ಅನ್ನಲಿಲ್ಲ. ಅವ್ವನ ಮೇಲೆ ತಪ್ಪು ಹಾಕುವುದು ಸುಲಭ, ಅವಳು ಶಾಲೆಗೆ ಹೋದವಳಲ್ಲ. ಡಿಗ್ರಿ ಇದ್ದವನು ನಾನು.

ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು ಅಂತ ನಮ್ಮ ಮಕ್ಕಳೂ ಒಪ್ಪಿಸುತ್ತಾರೆ. ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಎಂಜಲು ಸೂತಕ, ಜಾತಿ ಸೂತಕ. ಒಬ್ಬ ನರ್ಸಿನ ಒಂದು ಪಾಳಿಯನ್ನು ಇದರ ಪಕ್ಕದಲ್ಲಿಟ್ಟು ನೋಡ್ರಿ. ಮುಂಜಾನೆ ಹೆರಿಗೆ, ಮಧ್ಯಾಹ್ನ ಒಬ್ಬರ ಕಣ್ಣು ಮುಚ್ಚಿಸುವುದು, ನಡುವೆ ರಕ್ತ, ವಾಂತಿ, ಉಗುಳು, ಮಲ. ಯಾರ ಜಾತಿ ಯಾವುದು ಅಂತ ಕೇಳಲು ಪುರುಸೊತ್ತಿಲ್ಲ. ನಾವು ವೇದಿಕೆಯ ಮೇಲೆ ದಾಟುವ ಐದನ್ನೂ ಆಕೆ ಎಂಟು ತಾಸಿನಲ್ಲಿ ಕೈಯಿಂದ ದಾಟುತ್ತಾಳೆ. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬ ವೈದ್ಯ ಶರಣರಿದ್ದರು, ವಚನ ಬರೆದಿದ್ದಾರೆ. ಅವರ ಮದ್ದನ್ನು ಅರೆದು ರೋಗಿಗೆ ಕುಡಿಸಿದವರು, ಹಾಸಿಗೆ ತೊಳೆದವರು ಯಾರೋ ಇದ್ದೇ ಇರಬೇಕಲ್ಲ ಅಂತ ನನಗೆ ಅನಿಸುತ್ತದೆ.

ನಮ್ಮ ಮನೆಯದು ನಾಲ್ಕು ತಿಂಗಳ ಮಾತಾಯಿತು. ಇದೇ ಕೆಲಸವನ್ನು ನಲವತ್ತು ವರ್ಷ ಮಾಡಿದವರಿದ್ದಾರೆ. ಆ ಕಥೆಯ ಬೇರು ನಮ್ಮ ಪಕ್ಕದ ಜಿಲ್ಲೆಯಲ್ಲಿದೆ. ಹಾವೇರಿಯಿಂದ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ, ಅಲ್ಲಿಂದ ಹೊನ್ನಾವರದ ದಾರಿಯಲ್ಲಿ ಹಳದೀಪುರ. ಆ ಊರಿನ ಹುಡುಗಿ ಅರುಣಾ ಶಾನಭಾಗ ನರ್ಸಿಂಗ್ ಕಲಿತು ಮುಂಬಯಿಯ ಪರೇಲ್‌ನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಯ ಒಬ್ಬ ಡಾಕ್ಟರ ಜೊತೆ ಮದುವೆ ಗೊತ್ತಾಗಿತ್ತು. 1973ರ ನವೆಂಬರ್ 27ರ ಸಂಜೆ ಪಾಳಿ ಮುಗಿಸಿ, ಬಟ್ಟೆ ಬದಲಿಸಲು ನೆಲಮಾಳಿಗೆಗೆ ಹೋದಾಗ ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ನಾಯಿ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ಆಕೆಯ ಮೇಲೆ ಅತ್ಯಾಚಾರ ಮಾಡಿದ. ಮರುದಿನ ಮುಂಜಾನೆ ಆಕೆ ಸಿಕ್ಕಳು. ಮೆದುಳಿಗೆ ಪ್ರಾಣವಾಯು ನಿಂತುಹೋಗಿ ದೃಷ್ಟಿ, ಮಾತು, ಅರಿವು ಎಲ್ಲ ಹೋಗಿತ್ತು. ವಯಸ್ಸು 25. ಮೊಕದ್ದಮೆ ನಡೆದದ್ದು ಕೊಲೆ ಯತ್ನಕ್ಕೆ, ಸುಲಿಗೆಗೆ. ಅತ್ಯಾಚಾರದ ಆರೋಪವನ್ನೇ ಹಾಕಲಿಲ್ಲ. ಅವನು ಏಳು ವರ್ಷದ ಶಿಕ್ಷೆ ಮುಗಿಸಿ ಹೊರಗೆ ಬಂದ. ಅದೇ 1973ರಲ್ಲಿ ನಮ್ಮ ಕೇಂದ್ರ ಸರ್ಕಾರ ನರ್ಸುಗಳಿಗೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ರಾಷ್ಟ್ರೀಯ ಪ್ರಶಸ್ತಿ ಆರಂಭಿಸಿತ್ತು.

ಅರುಣಾಳನ್ನು ನಾಲ್ಕನೇ ವಾರ್ಡಿಗೆ ಹೊಂದಿದ ಒಂದು ಸಣ್ಣ ಕೋಣೆಯಲ್ಲಿಟ್ಟರು. ಅಲ್ಲಿಂದ ಆ ಆಸ್ಪತ್ರೆಯ ನರ್ಸುಗಳ ಕಾಯಕ ಶುರುವಾಯಿತು. ತಮ್ಮ ಜೊತೆ ಕೆಲಸ ಮಾಡಿದ ಗೆಳತಿಯರು ಕೆಲವು ವರ್ಷ ನೋಡಿಕೊಂಡರು ಅಂದರೆ ಅದು ಸ್ನೇಹ. ಆ ಗೆಳತಿಯರು ನಿವೃತ್ತರಾದರು. ಆಮೇಲೆ ಬಂದವರು ಆಕೆ ನಡೆದಾಡಿದ್ದನ್ನು, ಮಾತಾಡಿದ್ದನ್ನು ನೋಡಿದವರೇ ಅಲ್ಲ. ಘಟನೆ ನಡೆದಾಗ ಹುಟ್ಟೇ ಇರದ ಹುಡುಗಿಯರು ಬಂದು ಆಕೆಗೆ ಸ್ನಾನ ಮಾಡಿಸಿದರು, ತಲೆ ಬಾಚಿದರು, ಚಮಚದಿಂದ ಉಣಿಸಿದರು. ಹುಟ್ಟುಹಬ್ಬ ಮಾಡಿದರು. ಮೀನಿನ ಸಾರು, ಕೋಳಿ ಸಾರು ಕೊಟ್ಟರೆ ಆಕೆಯ ಮುಖ ಅರಳುತ್ತಿತ್ತಂತೆ. ಕರಾವಳಿಯ ನಾಲಿಗೆ ಅದು, ಅರಿವು ಹೋದರೂ ರುಚಿ ಉಳಿದಿತ್ತು. ನಾವು ಸಸ್ಯಾಹಾರಿಗಳು, ಆ ಸಾರಿನ ಮಾತು ಈ ಸಭೆಯಲ್ಲಿ ಯಾಕೆ ಅನ್ನಬೇಡಿ. ರೋಗಿಗೆ ಯಾವುದು ಹಿತ ಅಂತ ಅವರು ನೋಡಿದರು. ಕೋಣೆಯಲ್ಲಿ ಜನ ಹೆಚ್ಚಾದರೆ ಆಕೆ ಚೀರುತ್ತಿದ್ದಳು. ಅದನ್ನೂ ತಿಳಿದುಕೊಂಡು ಜನರನ್ನು ದೂರ ಇಟ್ಟರು.

80ರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲು ಮುಂಬಯಿ ಮಹಾನಗರ ಪಾಲಿಕೆ ಆಕೆಯನ್ನು ಬೇರೆಡೆಗೆ ಸಾಗಿಸುವ ಪ್ರಯತ್ನ ಮಾಡಿತು. ನರ್ಸುಗಳು ಪ್ರತಿಭಟನೆಗೆ ಇಳಿದರು, ಪಾಲಿಕೆ ಹಿಂದೆ ಸರಿಯಿತು. ನಿಯಮದ ಪ್ರಕಾರ ನೋಡಿದರೆ ಪಾಲಿಕೆಯ ಮಾತಿನಲ್ಲೂ ಲೆಕ್ಕ ಇತ್ತು, ಒಂದು ಹಾಸಿಗೆಗೆ ನೂರು ಜನ ಕಾಯುವ ಊರು ಅದು. ಆದರೂ ಆ ನರ್ಸುಗಳು ಬಿಟ್ಟುಕೊಡಲಿಲ್ಲ.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅವರು ಅರುಣಾಳ ಬಗ್ಗೆ 1998ರಲ್ಲೇ ಪುಸ್ತಕ ಬರೆದವರು. ಇದು ಬದುಕಲ್ಲ, ಆಹಾರ ಕೊಡುವುದನ್ನು ನಿಲ್ಲಿಸಿ ಆಕೆಯನ್ನು ನೆಮ್ಮದಿಯಿಂದ ಹೋಗಲು ಬಿಡಿ ಅನ್ನುವುದು ಅವರ ಅರ್ಜಿ. ನರ್ಸುಗಳು ಒಪ್ಪಲಿಲ್ಲ. ಕೋರ್ಟು ಮೂವರು ವೈದ್ಯರನ್ನು ಕಳಿಸಿ ಪರೀಕ್ಷೆ ಮಾಡಿಸಿತು. 2011ರ ಮಾರ್ಚ್ 7ರಂದು ತೀರ್ಪು ಬಂತು. ಅರ್ಜಿ ವಜಾ. ಅರುಣಾಳ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಇದೆ ಅಂತ ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ, ಬೇರೆಯವರ ವಿಷಯದಲ್ಲಿ ಹೈಕೋರ್ಟಿನ ಒಪ್ಪಿಗೆಯ ಮೇಲೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ದಾರಿಯನ್ನೂ ತೆರೆಯಿತು. 2018ರಲ್ಲಿ ಸಂವಿಧಾನ ಪೀಠ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು, 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು.

ಇದರಲ್ಲಿ ಯಾರು ಸರಿ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಪಿಂಕಿ ವಿರಾನಿಯವರದು ಕರುಣೆ ಇಲ್ಲದ ಮಾತು ಅಂತ ನಾನು ಹೇಳಲಾರೆ. ಅರುಣಾ ಇದನ್ನು ಬಯಸುತ್ತಿದ್ದಳೇ ಅಂತ ಆಕೆಯನ್ನು ಕೇಳುವ ದಾರಿ ಯಾರಿಗೂ ಇರಲಿಲ್ಲ, ನರ್ಸುಗಳಿಗೂ ಇರಲಿಲ್ಲ. ಪ್ರೀತಿ ಕೂಡ ಒಮ್ಮೊಮ್ಮೆ ಇನ್ನೊಬ್ಬರ ಪರವಾಗಿ ಉತ್ತರ ಬರೆದುಬಿಡುತ್ತದೆ. ಆದರೆ ಒಂದು ಮಾತು. ಈ ಇಡೀ ವಾದದಲ್ಲಿ ರಾತ್ರಿ ಎರಡು ಗಂಟೆಗೆ ಹೊಳ್ಳಿಸಿದವರು ಯಾರು ಅನ್ನುವ ಪ್ರಶ್ನೆಗೆ ಸಹಿ ಮಾಡಬಲ್ಲವರು ಒಬ್ಬರೇ ಇದ್ದರು. ಕೋರ್ಟು ಅವರ ಮಾತಿಗೆ ತೂಕ ಕೊಟ್ಟದ್ದು ನನಗೆ ಸರಿ ಅನಿಸಿತು.

ಅಷ್ಟು ವರ್ಷ ಹಾಸಿಗೆಯಲ್ಲಿದ್ದ ಆಕೆಯ ಮೈಮೇಲೆ ಹಾಸಿಗೆ ಹುಣ್ಣು ಇರಲಿಲ್ಲ. ಕೋರ್ಟಿನ ಮುಂದೆ ಆಸ್ಪತ್ರೆಯವರು ಇದನ್ನು ಹೆಮ್ಮೆಯಿಂದ ಹೇಳಿದ್ದರು. ಆ ಸಾಲು ಓದಿದ ದಿನ ನಾನು ಪತ್ರಿಕೆ ಮಡಚಿಟ್ಟು ಸುಮ್ಮನೆ ಕೂತೆ. ನಮ್ಮ ಮನೆಯಲ್ಲಿ ಇಪ್ಪತ್ತೊಂದು ದಿನಕ್ಕೆ ಆದದ್ದು ಅಲ್ಲಿ ನಲವತ್ತು ವರ್ಷಕ್ಕೂ ಆಗಲಿಲ್ಲ. 2015ರ ಮೇ 18ರಂದು ನ್ಯುಮೋನಿಯಾದಿಂದ ಆಕೆ ತೀರಿಕೊಂಡಳು. 1973ರ ಆ ಸಂಜೆಯಿಂದ ಲೆಕ್ಕ ಹಾಕಿದೆ, 15,147 ದಿನ. ದಿನಕ್ಕೆ ಮೂರು ಪಾಳಿ ಅಂದರೆ 45 ಸಾವಿರಕ್ಕೂ ಹೆಚ್ಚು ಪಾಳಿ. ಪುಸ್ತಕದ ನಿಯಮದಂತೆ ಎರಡು ತಾಸಿಗೊಮ್ಮೆ ಅಂತ ಹಿಡಿದರೆ 1,81,764 ಸಲ ಮಗ್ಗುಲು ಬದಲಿಸುವುದು. ಇದರಲ್ಲಿ ಪವಾಡ ಎಲ್ಲೂ ಇಲ್ಲ. ಒಂದೇ ಕೆಲಸ, ಮತ್ತೆ ಅದೇ, ಮತ್ತೆ ಅದೇ. ಕೊನೆಗೆ ಅಂತ್ಯಕ್ರಿಯೆಯಲ್ಲೂ ಬಂಧುಗಳ ಜೊತೆ ಆಸ್ಪತ್ರೆಯ ಡೀನ್ ನಿಂತರು, ನರ್ಸುಗಳು ಅತ್ತರು.

ಆ ನರ್ಸುಗಳನ್ನು ಆಗ ಪತ್ರಿಕೆಗಳೆಲ್ಲ ತಾಯಂದಿರು, ದೇವತೆಯರು ಅಂದವು. ನಾವೂ ಹಾಗೇ ಅನ್ನುತ್ತೇವೆ. ದೇವತೆ ಅಂದ ಕೂಡಲೇ ನಮಗೆ ಒಂದು ಅನುಕೂಲ ಇದೆ. ದೇವತೆಗೆ ಪಗಾರ ಬೇಕಿಲ್ಲ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಬೇಕಿಲ್ಲ. 1973ರಲ್ಲಿ ಅರುಣಾಳ ಮೇಲೆ ದಾಳಿ ಆದ ಮೇಲೆ ಮುಂಬಯಿಯ ನರ್ಸುಗಳು ಮುಷ್ಕರ ಮಾಡಿ ಕೇಳಿದ್ದು ಪೂಜೆಯನ್ನಲ್ಲ, ಸುರಕ್ಷತೆಯನ್ನು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಒಬ್ಬ ಯುವ ವೈದ್ಯೆಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ನಡುವೆ ಐವತ್ತು ವರ್ಷ ಕಳೆದಿತ್ತು.

ನಮ್ಮ ಮನೆಗೆ ಬರುತ್ತಿದ್ದ ನರ್ಸಮ್ಮನ ಮಾತಿಗೆ ತಿರುಗಿ ಬರುತ್ತೇನೆ. ಮೂರನೇ ತಿಂಗಳಿಗೆ ಅವ್ವನ ಹುಣ್ಣು ತುಂಬಿಕೊಂಡು ಬಂತು. ಒಂದು ದಿನ ನಾನು ಲಕೋಟೆಯಲ್ಲಿ ಐದು ಸಾವಿರ ರೂಪಾಯಿ ಇಟ್ಟು ಎರಡೂ ಕೈಯಿಂದ ಕೊಟ್ಟೆ. ಆಕೆ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯ ಮಾಡಿದೆ. ಆಗ ಹೇಳಿದಳು:

“ಸರ, ಇದು ಬ್ಯಾಡ. ಆಸ್ಪತ್ರಿಯಾಗ ನಮಗ ಎರಡು ತಿಂಗಳ ಪಗಾರ ಕೊಟ್ಟಿಲ್ರಿ. ನೀವು ಸಾಹೇಬರು, ಒಂದು ಮಾತು ಹೇಳಿ ಅದನ್ನ ಕೊಡಿಸ್ರಿ.”

ಆಯ್ದಕ್ಕಿ ಲಕ್ಕಮ್ಮನ ಕಥೆ ನಾವು ಎಷ್ಟು ಸಲ ಕೇಳಿಲ್ಲ. ಗಂಡ ಮಾರಯ್ಯ ದಿನದ ಅಕ್ಕಿಗಿಂತ ಹೆಚ್ಚು ತಂದಾಗ, ನಮಗೆ ಸಲ್ಲಬೇಕಾದಷ್ಟೇ ಸಾಕು ಅಂತ ತಿರುಗಿ ಕಳಿಸಿದವಳು. ಹೆಚ್ಚಿನದು ಬೇಡ ಅನ್ನುವ ಲಕ್ಕಮ್ಮನನ್ನು ನಾವು ಕೊಂಡಾಡುತ್ತೇವೆ. ಆದರೆ ಸಲ್ಲಬೇಕಾದದ್ದು ಸಲ್ಲಲೇಬೇಕು ಅನ್ನುವುದೂ ಆ ಮಾತಿನೊಳಗೇ ಇದೆ. ಕಾಯಕಕ್ಕೆ ಪ್ರತಿಫಲ ಸಿಕ್ಕಮೇಲಲ್ಲವೇ ದಾಸೋಹ? ಕೂಲಿಯನ್ನೇ ಹಿಡಿದಿಟ್ಟುಕೊಂಡು ಆಕೆಯಿಂದ ದಾಸೋಹ ಮಾಡಿಸಿಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಆ ಆಸ್ಪತ್ರೆ ನಡೆಸುವವರು ನನಗೆ ಪರಿಚಯದವರೇ. ಕಾರ್ಯಕ್ರಮಗಳಲ್ಲಿ ಪಕ್ಕದಲ್ಲಿ ಕೂತವರು. ಒಂದು ಮಾತು ಹೇಳಬಹುದಿತ್ತು. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಅಂದುಕೊಂಡೆ. ಸಂಬಂಧ ಕೆಡುತ್ತದೆ ಅಂತ ಒಳಗೆ ಅಂಜಿಕೆ. 1994ರಲ್ಲಿ ಕೂತಿದ್ದೆನಲ್ಲ, ಅದೇ ಕುರ್ಚಿಯಲ್ಲಿ ಮತ್ತೆ ಕೂತೆ. ನಾಲ್ಕನೇ ತಿಂಗಳ ಕೊನೆಗೆ ಆಕೆ ಆ ಕೆಲಸ ಬಿಟ್ಟಳು. ಬೆಂಗಳೂರಿಗೆ ಹೋದಳು ಅಂತ ಒಬ್ಬರು, ಪರದೇಶಕ್ಕೆ ಹೋದಳು ಅಂತ ಇನ್ನೊಬ್ಬರು. ಫೋನ್ ನಂಬರು ಬದಲಾಗಿತ್ತು. ಬಾಕಿ ಪಗಾರ ಆಕೆಗೆ ಸಿಕ್ಕಿತೋ ಇಲ್ಲವೋ ನಾನು ಕೇಳಲೇ ಇಲ್ಲ.

ಖಾಸಗಿ ಆಸ್ಪತ್ರೆಗಳ ನರ್ಸುಗಳ ಪಗಾರದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2016ರಲ್ಲಿ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ ಮಾಡಿದ ಸಮಿತಿ ಒಂದು ಅಳತೆ ಹೇಳಿತು. 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಾದರೂ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಇರಬಾರದು. 200 ಹಾಸಿಗೆಗಿಂತ ದೊಡ್ಡದಾದರೆ ರಾಜ್ಯ ಸರ್ಕಾರದ ನರ್ಸಿಗೆ ಸಮನಾಗಿ ಕೊಡಬೇಕು. ನಮ್ಮ ಸಮಾಜದವರು ನಡೆಸುವ ಆಸ್ಪತ್ರೆಗಳಿವೆ, ನರ್ಸಿಂಗ್ ಕಾಲೇಜುಗಳಿವೆ, ಅವುಗಳ ಆಡಳಿತ ಮಂಡಳಿಯಲ್ಲಿರುವವರು ಈ ಪತ್ರಿಕೆಯ ಚಂದಾದಾರರೂ ಇದ್ದಾರೆ. ಅವರಿಗೆ ನನ್ನದು ಎರಡು ಪ್ರಶ್ನೆ. ನಿಮ್ಮಲ್ಲಿ ನರ್ಸಿಗೆ ತಿಂಗಳಿಗೆ ಎಷ್ಟು ಬರುತ್ತದೆ, ಯಾವ ತಾರೀಖಿಗೆ ಬರುತ್ತದೆ? ರಾತ್ರಿ ಪಾಳಿಯ ಹುಡುಗಿ ಬಟ್ಟೆ ಬದಲಿಸುವ ಕೋಣೆಗೆ ಒಳಚಿಲಕ ಇದೆಯೇ? ಎರಡನೆಯದನ್ನು ನೋಡಲು ಸಮಿತಿ ಬೇಡ, ಇವತ್ತು ಸಂಜೆ ಹೋಗಿ ಬಾಗಿಲು ಎಳೆದು ನೋಡಿದರೆ ಸಾಕು. ಈ ಸಲ ನಾನೂ ಜೊತೆಗೆ ಬರುತ್ತೇನೆ.

ನಮ್ಮವ್ವ ಆ ಹುಣ್ಣಿನಿಂದ ಸಾಯಲಿಲ್ಲ. ಮತ್ತೂ ಒಂದೂವರೆ ವರ್ಷ ಇದ್ದಳು, ಕೊನೆಯ ದಿನದವರೆಗೂ ಬೆನ್ನು ಸ್ವಚ್ಛ ಇತ್ತು. ರಾತ್ರಿ ಎರಡರ ಪಾಳಿ ನಾನು ತೆಗೆದುಕೊಂಡಿದ್ದೆ. ಹೊಳ್ಳಿಸುವ ಮೊದಲು ಕರಡಿಗೆಯನ್ನು ಅಂಗೈಯಲ್ಲಿ ಇಡುವುದು ಮರೆತರೆ ಅವ್ವ ತಾನೇ ಬೆರಳು ಬಿಚ್ಚಿ ತೋರಿಸುತ್ತಿದ್ದಳು. ಒಂದು ರಾತ್ರಿ ಕೇಳಿದಳು, “ಆ ಆಸ್ಪತ್ರಿ ಪೈಕಿ ಹುಡುಗಿ ಮತ್ತ ಬರಲಿಲ್ಲೇನೋ?” ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಗ ನೋಡಿದ್ದಿವಲ್ಲ, ಆ ಹುಡುಗೀನೂ ಇಂಥಾಕೀನ ಇದ್ದಿದ್ಲೇನೋ” ಅಂದಳು. ಹದಿನಾರು ವರ್ಷ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಆ ನರ್ಸಮ್ಮ ಗೆರೆ ಹಾಕಿದ ಹಾಳೆ ನನ್ನ ಹತ್ತಿರ ಇದೆ. ಅದರ ನೂರು ಪ್ರತಿ ಮಾಡಿಸಿಕೊಂಡು ಬಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲೆ ಇವೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದವರು ಪ್ರಸಾದಕ್ಕೆ ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಹಿಂದಿನ ಸಾಲಿನಲ್ಲಿ ಜಿಲ್ಲಾ ಆಸ್ಪತ್ರೆಯ ಇಬ್ಬರು ಸಿಸ್ಟರುಗಳು ಪಾಳಿ ಮುಗಿಸಿ ನೇರವಾಗಿ ಬಂದು ಕೂತಿದ್ದಾರೆ. ಸಂಜೆಯ ಬಸ್ಸು ಹಿಡಿಯಬೇಕಂತೆ, ಅವರಿಗೆ ಮೊದಲ ಪಂಕ್ತಿಯಲ್ಲಿ ಜಾಗ ಮಾಡಿಕೊಡಿ.